ಸೂಪರ್‌ಚಾರ್ಜರೋ, ಟರ್ಬೊವೋ? ಹೆಚ್ಚು ಶಕ್ತಿಯ ರಸ್ತೆ ಕಾರಿಗೆ ಹಂತಹಂತದ ಮಾರ್ಗದರ್ಶಿ

ಕಾರಿನ ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕೆಂದು ಹೊರಟ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಸೂಪರ್‌ಚಾರ್ಜರ್ ಒಳ್ಳೆಯದೋ, ಟರ್ಬೊ ಒಳ್ಳೆಯದೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಅದಕ್ಕೆ ಉತ್ತರವಿಲ್ಲ. ನಿಮ್ಮ ಎಂಜಿನ್ ದಿನದ ಹೆಚ್ಚಿನ ಹೊತ್ತು ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ, ಅಂದರೆ ಎಷ್ಟು ಆರ್‌ಪಿಎಂನಲ್ಲಿ ಓಡುತ್ತದೆ, ಆಕ್ಸಿಲರೇಟರ್ ಒತ್ತಿದ ಮೇಲೆ ಬಲ ಎಷ್ಟು ಬೇಗ ಬರಬೇಕು, ಬಾನೆಟ್ಟಿನ ಕೆಳಗೆ ಎಲ್ಲಿ ಜಾಗವಿದೆ, ಹುಟ್ಟುವ ಬಿಸಿಯನ್ನು ಎಲ್ಲಿಗೆ ಸಾಗಿಸುತ್ತೀರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದುಕೊಂಡರೆ ಆಯ್ಕೆಯ ಬಹುಪಾಲು ಅಲ್ಲೇ ಮುಗಿಯುತ್ತದೆ. ಗರಿಷ್ಠ ಅಶ್ವಶಕ್ತಿಯನ್ನು ನಾನು ಈ ನಾಲ್ಕರಲ್ಲಿ ಬೇಕೆಂದೇ ಸೇರಿಸಿಲ್ಲ. ಈ ಲೇಖನ ಪೆಟ್ರೋಲ್ ಎಂಜಿನ್ನಿನ, ಸುಮಾರು 400ರಿಂದ 700 ಅಶ್ವಶಕ್ತಿಯ ಗುರಿಯಿರುವ, ರಸ್ತೆಯಲ್ಲೇ ಓಡಿಸುವ ಕಾರುಗಳಿಗೆ ಸಂಬಂಧಿಸಿದ್ದು.

ಎರಡೂ ಮಾಡುವ ಕೆಲಸ

ಸಾಮಾನ್ಯ ಎಂಜಿನ್ ವಾತಾವರಣದ ಒತ್ತಡವನ್ನೇ ನಂಬಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ; ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 14.7 ಪಿಎಸ್‌ಐ, ಅಂದರೆ ಹೆಚ್ಚುಕಡಿಮೆ 1 ಬಾರ್. ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ಸಿಲಿಂಡರಿಗೆ ತುಂಬಿ, ತಕ್ಕಷ್ಟು ಪೆಟ್ರೋಲನ್ನೂ ಕೊಟ್ಟರೆ ಅದೇ ಅಳತೆಯ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ. ಹೀಗೆ ವಾತಾವರಣದ ಒತ್ತಡದ ಮೇಲೆ ಸೇರುವ ಹೆಚ್ಚುವರಿ ಒತ್ತಡಕ್ಕೆ ಬೂಸ್ಟ್ ಎಂದು ಹೆಸರು.

ಸೂಪರ್‌ಚಾರ್ಜರನ್ನು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ, ಬೆಲ್ಟಿನ ಮೂಲಕ ತಿರುಗಿಸುತ್ತದೆ. ಟರ್ಬೊವನ್ನು ತಿರುಗಿಸುವುದು ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ: ಹೊಗೆಯ ಹಾದಿಯಲ್ಲಿ ಟರ್ಬೈನ್ ಎಂಬ ಚಕ್ರ, ಅದೇ ದಂಡದ ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಚಕ್ರ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಕಾರಿಗಾಗಿ ಹುಟ್ಟಿದ್ದಲ್ಲ, ಆದರೂ ಅದರ ತತ್ವದ ಯಂತ್ರ ಇಂದಿಗೂ ಬಾನೆಟ್ಟಿನ ಕೆಳಗಿದೆ. ಟರ್ಬೊದ ಪೇಟೆಂಟ್ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿಗೆ ಸೇರಿದ್ದು, ವರ್ಷ 1905. ಎರಡೂ ಶತಮಾನ ದಾಟಿದ, ಪಳಗಿದ ತಂತ್ರಗಳು. ಒಂದು ಹಳೆಯದು, ಇನ್ನೊಂದು ಹೊಸದು ಎಂಬ ಕಾರಣಕ್ಕೆ ಯಾವುದನ್ನೂ ಆರಿಸಬೇಡಿ.

ಹಂತ 1: ಈಗಿರುವ ಎಂಜಿನ್ನಿನ ಆರೋಗ್ಯ ನೋಡಿ

ಬೇರೇನನ್ನೂ ಕೊಳ್ಳುವ ಮೊದಲು ಕಂಪ್ರೆಷನ್ ಪರೀಕ್ಷೆ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಮೊದಲನೆಯದು ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂದು ಹೇಳುತ್ತದೆ. ಎರಡನೆಯದರಲ್ಲಿ ಹೊರಗಿನಿಂದ ಗಾಳಿ ತುಂಬಿ, ಅದರಲ್ಲಿ ಶೇಕಡಾ ಎಷ್ಟು ಸೋರುತ್ತದೆ, ಎಲ್ಲಿಂದ ಸೋರುತ್ತದೆ ಎಂದು ನೋಡುತ್ತಾರೆ. ಸೋರಿಕೆ ಎಲ್ಲ ಸಿಲಿಂಡರುಗಳಲ್ಲೂ ಶೇ. 10ರೊಳಗೆ, ಹೆಚ್ಚುಕಡಿಮೆ ಸಮನಾಗಿ ಇದ್ದರೆ ಮುಂದುವರಿಯಬಹುದು. ಒಂದು ಸಿಲಿಂಡರ್ ಮಾತ್ರ ಉಳಿದವುಗಳಿಗಿಂತ ದೂರ ನಿಂತರೆ ಅಲ್ಲಿಗೇ ನಿಲ್ಲಿಸಿ. ಬೂಸ್ಟ್ ಹಳೆಯ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಬೇಗ ಹೊರಗೆ ತರುತ್ತದೆ.

ಎಂಜಿನ್ನಿನ ಸಂಕೋಚನ ಅನುಪಾತವನ್ನೂ, ಅಂದರೆ ಪಿಸ್ಟನ್ ಮೇಲೆ ಬರುವಾಗ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಲೆಕ್ಕವನ್ನೂ, ಬರೆದಿಟ್ಟುಕೊಳ್ಳಿ. ಪೆಟ್ರೋಲನ್ನು ಸಿಲಿಂಡರಿನ ಹೊರಗೆ, ಗಾಳಿಯ ದಾರಿಯಲ್ಲೇ ಚಿಮ್ಮಿಸುವ ಹಳೆಯ ಬಗೆಯ ಪೋರ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಇದು 9ರ ಆಸುಪಾಸಿನಲ್ಲಿದ್ದರೆ ಬೂಸ್ಟಿಗೆ ಅನುಕೂಲ. 11 ದಾಟಿದ್ದರೆ ಬೂಸ್ಟನ್ನು ತೀರ ಕಡಿಮೆ ಇಡಬೇಕಾಗುತ್ತದೆ, ಇಲ್ಲವೇ ಪಿಸ್ಟನ್ ಬದಲಿಸಬೇಕಾಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಆ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪಾಗಿಸುವುದರಿಂದ ಅವು ಸ್ವಲ್ಪ ಹೆಚ್ಚಿನ ಅನುಪಾತವನ್ನೂ ತಾಳಿಕೊಳ್ಳುತ್ತವೆ.

ಹಂತ 2: ಬಲ ಎಲ್ಲಿ ಬೇಕು ಎಂದು ತೀರ್ಮಾನಿಸಿ

ಎಂಜಿನ್ನಿನ ಬಲ ಅಳೆಯುವ ಡೈನೊ ಯಂತ್ರ ಕೊಡುವ ಗ್ರಾಫಿನಲ್ಲಿ ಎಲ್ಲರೂ ನೋಡುವುದು ತುದಿಯ ಅಂಕಿಯನ್ನು. ರಸ್ತೆಯ ಮೇಲೆ ಕಾರು ಹೇಗೆ ಓಡುತ್ತದೆ ಎಂಬುದನ್ನು ನಿರ್ಧರಿಸುವುದು ಗ್ರಾಫಿನ ಆಕಾರ. ಒಂದು ವಾರ ನಿಮ್ಮ ಕಾರನ್ನು ಎಂದಿನಂತೆ ಓಡಿಸುತ್ತ ಟ್ಯಾಕೋಮೀಟರಿನ ಮುಳ್ಳನ್ನು ಗಮನಿಸಿ. ಊರೊಳಗೆ ಅದು 1,500ರಿಂದ 3,500ರ ನಡುವೆಯೇ ಓಡಾಡುತ್ತಿದ್ದರೆ, 6,000ದ ಬಳಿ ಸಿಗುವ ಮಹಾಬಲ ನಿಮಗೆ ದಿನಕ್ಕೆ ಹತ್ತು ಸೆಕೆಂಡಿಗೂ ದಕ್ಕುವುದಿಲ್ಲ. ಉದ್ದದ ಹೆದ್ದಾರಿಯಲ್ಲಿ ಹೆಚ್ಚು ವೇಗದಲ್ಲೇ ಸಾಗುವವರ, ಆಗಾಗ ಟ್ರ್ಯಾಕಿಗೆ ಹೋಗುವವರ ಲೆಕ್ಕ ಬೇರೆ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು. ಇವನ್ನು ಒಂದೇ ಎಂದುಕೊಂಡು ತಪ್ಪು ಟರ್ಬೊ ಕೊಂಡವರು ಬಹಳ. ಬೂಸ್ಟ್ ಥ್ರೆಶೋಲ್ಡ್ ಎಂದರೆ ಟರ್ಬೊ ಬೂಸ್ಟ್ ಕೊಡಲು ಬೇಕಾದ ಕನಿಷ್ಠ ಆರ್‌ಪಿಎಂ. ಅದಕ್ಕಿಂತ ಕೆಳಗೆ ಎಷ್ಟು ಹೊತ್ತು ಆಕ್ಸಿಲರೇಟರ್ ಒತ್ತಿ ಹಿಡಿದರೂ ಟರ್ಬೈನನ್ನು ತಿರುಗಿಸುವಷ್ಟು ಹೊಗೆ ಇರುವುದಿಲ್ಲ. ಲ್ಯಾಗ್ ಎಂದರೆ ಆ ಮಿತಿಯ ಮೇಲಿದ್ದಾಗಲೂ ನೀವು ಒತ್ತಿದ ಕ್ಷಣಕ್ಕೂ ಬೂಸ್ಟ್ ತುಂಬಿ ಬರುವ ಕ್ಷಣಕ್ಕೂ ನಡುವಿನ ವಿಳಂಬ. ಗೇರ್ ಇಳಿಸಿದರೆ ಥ್ರೆಶೋಲ್ಡಿನ ತೊಂದರೆ ನೀಗುತ್ತದೆ, ಲ್ಯಾಗ್ ಪೂರ್ತಿ ನೀಗುವುದಿಲ್ಲ.

ಹಂತ 3: ನಾಲ್ಕು ಬಗೆಯ ಯಂತ್ರಗಳ ಸ್ವಭಾವ ತಿಳಿಯಿರಿ

‘ಸೂಪರ್‌ಚಾರ್ಜರ್’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಯಂತ್ರಗಳಿವೆ. ಇದನ್ನು ತಿಳಿಯದೆ ಮಾಡುವ ಹೋಲಿಕೆಗಳೆಲ್ಲ ದಾರಿ ತಪ್ಪಿಸುತ್ತವೆ.

ರೂಟ್ಸ್ ಬಗೆಯದರಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎರಡು ರೋಟರುಗಳು ಪ್ರತಿ ಸುತ್ತಿಗೂ ನಿಗದಿತ ಪ್ರಮಾಣದ ಗಾಳಿಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳಿಗೆ, ತಳ್ಳುತ್ತವೆ. ಗಾಳಿ ಹಿಂಡಿಕೊಳ್ಳುವುದು ಯಂತ್ರದೊಳಗಲ್ಲ, ಮ್ಯಾನಿಫೋಲ್ಡಿನಲ್ಲಿ. ಆದ್ದರಿಂದ ಬೂಸ್ಟ್ ಬಹುತೇಕ ಒತ್ತಿದ ಕೂಡಲೇ ಬರುತ್ತದೆ, ಆದರೆ ಹೆಚ್ಚಿನ ಬೂಸ್ಟಿನಲ್ಲಿ ಗಾಳಿ ಬೇಗ ಬಿಸಿಯಾಗುತ್ತದೆ. ಈಟನ್ ಕಂಪನಿಯ ಟಿವಿಎಸ್ ಬಗೆಯಲ್ಲಿ ನಾಲ್ಕು ಎಸಳಿನ ರೋಟರುಗಳನ್ನು 160 ಡಿಗ್ರಿ ತಿರುಚಿ ಈ ದೋಷವನ್ನು ಬಹಳಷ್ಟು ಕಡಿಮೆ ಮಾಡಿದ್ದಾರೆ. ಎರಡನೆಯದು ಟ್ವಿನ್ ಸ್ಕ್ರೂ: ನೋಟಕ್ಕೆ ಅದೇ ಕುಟುಂಬ, ಆದರೆ ತಿರುಪಿನಾಕಾರದ ರೋಟರುಗಳು ಗಾಳಿಯನ್ನು ಯಂತ್ರದೊಳಗೇ ಹಿಂಡುತ್ತವೆ. ಮೂರನೆಯದು ಸೆಂಟ್ರಿಫ್ಯೂಗಲ್: ಟರ್ಬೊದ ಕಂಪ್ರೆಸರ್ ಚಕ್ರವನ್ನೇ ಬೆಲ್ಟಿಗೆ ಜೋಡಿಸಿದಂತೆ. ಇದರ ಬೂಸ್ಟ್ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ, ಅನುಗುಣವಾಗಿ ಏರುತ್ತದೆ. 6,000 ಆರ್‌ಪಿಎಂನಲ್ಲಿ 10 ಪಿಎಸ್‌ಐ ಕೊಡುವ ಸೆಂಟ್ರಿಫ್ಯೂಗಲ್ 3,000ದಲ್ಲಿ ಕೊಡುವುದು ಸುಮಾರು 2.5 ಪಿಎಸ್‌ಐ ಮಾತ್ರ. ಹಂತ 2ರಲ್ಲಿ ನಿಮ್ಮ ಮುಳ್ಳು ಕೆಳಗೇ ಇದ್ದರೆ ಇದು ನಿಮ್ಮ ಯಂತ್ರವಲ್ಲ. ಪಿಸ್ಟನ್ನನ್ನು ಮುಖ್ಯ ದಂಡಕ್ಕೆ ಜೋಡಿಸುವ ಮೂಲ ಕನೆಕ್ಟಿಂಗ್ ರಾಡುಗಳು ದುರ್ಬಲವಾಗಿವೆ ಎಂಬ ಅನುಮಾನವಿದ್ದರೆ ಮಾತ್ರ ಇದೇ ಸ್ವಭಾವ ವರವಾಗುತ್ತದೆ, ಏಕೆಂದರೆ ರಾಡನ್ನು ಬಗ್ಗಿಸುವುದು ಹೆಚ್ಚಾಗಿ ಕಡಿಮೆ ಆರ್‌ಪಿಎಂನ ದೊಡ್ಡ ಟಾರ್ಕ್, ಅಂದರೆ ತಿರುಗಿಸುವ ಬಲ.

ಬೆಲ್ಟಿನಿಂದ ತಿರುಗುವ ಯಂತ್ರ ತನ್ನ ಪಾಲಿನ ಶಕ್ತಿಯನ್ನು ಎಂಜಿನ್ನಿನಿಂದಲೇ ಕಸಿದುಕೊಳ್ಳುತ್ತದೆ. 707 ಅಶ್ವಶಕ್ತಿಯ ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ 2.4 ಲೀಟರಿನ ಟ್ವಿನ್ ಸ್ಕ್ರೂ ಯಂತ್ರವನ್ನು ಪೂರ್ಣ ಬಲದಲ್ಲಿ ತಿರುಗಿಸುವುದಕ್ಕೇ ಸುಮಾರು 80 ಅಶ್ವಶಕ್ತಿ ಖರ್ಚಾಗುತ್ತದೆ. ಎಂಜಿನ್ನಿನ ಬಿಡಿಭಾಗಗಳು ಹೊರುವ ಹೊರೆ 707ರದ್ದಲ್ಲ, ಅದಕ್ಕಿಂತ ಅಷ್ಟು ಹೆಚ್ಚಿನದು.

ಟರ್ಬೊ ಪುಕ್ಕಟೆ ಶಕ್ತಿ ಕೊಡುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಟರ್ಬೈನ್ ಹೊಗೆಯ ಹಾದಿಗೆ ಅಡ್ಡವಿರುವುದರಿಂದ ಅದರ ಹಿಂದೆ ಒತ್ತಡ ಕಟ್ಟಿಕೊಳ್ಳುತ್ತದೆ, ಪಿಸ್ಟನ್ ಆ ಒತ್ತಡದ ವಿರುದ್ಧ ಹೊಗೆಯನ್ನು ತಳ್ಳಬೇಕಾಗುತ್ತದೆ. ಆದರೂ ವ್ಯರ್ಥವಾಗಿ ಹೋಗುತ್ತಿದ್ದ ಬಿಸಿಯ ಒಂದು ಪಾಲು ಕೆಲಸಕ್ಕೆ ಬರುವುದರಿಂದ ಒಟ್ಟಾರೆ ಲೆಕ್ಕದಲ್ಲಿ ಟರ್ಬೊವೇ ಮುಂದು, ಗುರಿ ಮೇಲೇರಿದಂತೆ ಅಂತರವೂ ಹೆಚ್ಚುತ್ತದೆ. ಶೆವರ್ಲೆ ಕಾರ್ವೆಟ್ ಝಡ್‌ಆರ್1 ಇದಕ್ಕೆ ಒಳ್ಳೆಯ ಸಾಕ್ಷಿ: 2009ರಲ್ಲಿ 638, 2019ರಲ್ಲಿ 755 ಅಶ್ವಶಕ್ತಿಯನ್ನು ಸೂಪರ್‌ಚಾರ್ಜರಿನಿಂದ ಪಡೆದ ಅದೇ ಹೆಸರಿನ ಕಾರು, 2025ರಲ್ಲಿ 1,064ಕ್ಕೆ ಏರಿದಾಗ ಎರಡು ಟರ್ಬೊಗಳಿಗೆ ಬದಲಾಯಿತು. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾದಾಗಲೂ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಬೆಲ್ಟಿಗೆ ಕಟ್ಟಿಬಿದ್ದ ಯಂತ್ರಕ್ಕೆ ಆ ಅವಕಾಶವಿಲ್ಲ.

ಟರ್ಬೊ ಕೊಳ್ಳುವವರು ‘ಎ/ಆರ್’ ಎಂಬ ಅಂಕಿಯನ್ನು ಅರ್ಥಮಾಡಿಕೊಳ್ಳಲೇಬೇಕು. ಟರ್ಬೈನ್ ಕವಚದ ಹೊಗೆದಾರಿಯ ವಿಸ್ತಾರಕ್ಕೂ ಅದರ ತ್ರಿಜ್ಯಕ್ಕೂ ಇರುವ ಅನುಪಾತ ಅದು. ಚಿಕ್ಕ ಎ/ಆರ್ ಇದ್ದರೆ ಬೂಸ್ಟ್ ಬೇಗ ಬರುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ದೊಡ್ಡದಿದ್ದರೆ ಇದರ ತಿರುವುಮುರುವು. ರಸ್ತೆಯ ಕಾರಿಗೆ ದೊಡ್ಡ ಟರ್ಬೊ ಕೊಂಡು ‘ಮುಂದೆ ಬೇಕಾಗಬಹುದು’ ಎನ್ನುವುದು ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ತಪ್ಪು. ನಾಲ್ಕು ಸಿಲಿಂಡರಿನ ಎಂಜಿನ್ ಆಗಿದ್ದರೆ ಟ್ವಿನ್ ಸ್ಕ್ರೋಲ್ ಕವಚವನ್ನು ಕೇಳಿ: 1-3-4-2 ಕ್ರಮದಲ್ಲಿ ಉರಿಯುವ ಎಂಜಿನ್ನಿನಲ್ಲಿ 1 ಮತ್ತು 4ರ ಹೊಗೆ ಒಂದು ದಾರಿಯಲ್ಲಿ, 2 ಮತ್ತು 3ರ ಹೊಗೆ ಇನ್ನೊಂದು ದಾರಿಯಲ್ಲಿ ಟರ್ಬೈನ್ ಸೇರುವುದರಿಂದ ಅವು ಪರಸ್ಪರ ಅಡ್ಡಿಪಡಿಸುವುದಿಲ್ಲ, ಬೂಸ್ಟ್ ಬೇಗ ಏಳುತ್ತದೆ.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದೊಡ್ಡ ವಿ8 ಎಂಜಿನ್, 500ರಿಂದ 600 ಅಶ್ವಶಕ್ತಿಯ ಗುರಿ, ದಿನನಿತ್ಯದ ಓಡಾಟ ಎಂದಾದರೆ ಟಿವಿಎಸ್ ಅಥವಾ ಟ್ವಿನ್ ಸ್ಕ್ರೂ ಸೂಪರ್‌ಚಾರ್ಜರ್ ಹಾಕಿ. ಅದು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಮ್ಯಾನಿಫೋಲ್ಡಿನ ಜಾಗದಲ್ಲೇ ಕೂರುತ್ತದೆ, ಮೂಲ ಎಂಜಿನ್ನಿನ ನಡವಳಿಕೆ ಹಾಗೆಯೇ ಉಳಿದು ಎಲ್ಲೆಡೆ ಬಲ ಮಾತ್ರ ಹೆಚ್ಚುತ್ತದೆ. ಒಂದೇ ಸಾಲಿನ ನಾಲ್ಕು ಅಥವಾ ಆರು ಸಿಲಿಂಡರಿನ ಎಂಜಿನ್ ಆದರೆ ಟರ್ಬೊ ಹಾಕಿ. ಹೊಗೆಯೆಲ್ಲ ಒಂದೇ ಬದಿಯಿಂದ ಹೊರಡುವುದರಿಂದ ಜೋಡಣೆ ಸರಳ. ಯಾವ ಎಂಜಿನ್ ಆದರೂ 700 ದಾಟುವ ಆಸೆಯಿದ್ದರೆ ಟರ್ಬೊ ಕಡೆಗೇ ಹೋಗಿ.

ಹಂತ 4: ಬಿಸಿಯ ಲೆಕ್ಕ ಹಾಕಿ

ಗಾಳಿಯನ್ನು ಹಿಂಡಿದರೆ ಅದು ಬಿಸಿಯಾಗುತ್ತದೆ; ಇದರಿಂದ ಯಾವ ಯಂತ್ರಕ್ಕೂ ಬಿಡುಗಡೆಯಿಲ್ಲ. 25 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು 10 ಪಿಎಸ್‌ಐ ಬೂಸ್ಟಿಗೆ ಒತ್ತಿದರೆ, ಶೇ. 70ರಷ್ಟು ದಕ್ಷತೆಯ ಕಂಪ್ರೆಸರಿನಿಂದ ಅದು ಸುಮಾರು 93 ಡಿಗ್ರಿಯಲ್ಲಿ ಹೊರಬರುತ್ತದೆ. ದಕ್ಷತೆ ಶೇ. 55ಕ್ಕೆ ಇಳಿದರೆ ಅದೇ ಗಾಳಿ 112 ಡಿಗ್ರಿ. ಬಿಸಿ ಗಾಳಿಯಲ್ಲಿ ಆಮ್ಲಜನಕ ವಿರಳ. ಮೇಲಾಗಿ ಅದು ನಾಕ್ ಹುಟ್ಟಿಸುತ್ತದೆ. ನಾಕ್ ಎಂದರೆ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು. ಹೊರಗೆ ಕೇಳುವುದು ಸಣ್ಣ ಕಟಕಟ ಸದ್ದು, ಒಳಗೆ ಒಡೆಯುವುದು ಪಿಸ್ಟನ್ನಿನ ರಿಂಗುಗಳ ನಡುವಿನ ತೆಳು ಅಂಚು.

ಇಂಟರ್‌ಕೂಲರ್, ಅಂದರೆ ಹಿಂಡಿದ ಗಾಳಿಯನ್ನು ತಣಿಸುವ ರೇಡಿಯೇಟರ್, ಇದಕ್ಕೆ ಪರಿಹಾರ. ಮೇಲಿನ 93 ಡಿಗ್ರಿ ಗಾಳಿ ಶೇ. 70ರಷ್ಟು ಪರಿಣಾಮಕಾರಿಯಾದ ಇಂಟರ್‌ಕೂಲರ್ ದಾಟಿದರೆ ಸುಮಾರು 45 ಡಿಗ್ರಿಗೆ ಇಳಿಯುತ್ತದೆ. ಟರ್ಬೊ ಮತ್ತು ಸೆಂಟ್ರಿಫ್ಯೂಗಲ್ ಯಂತ್ರಗಳಿಗೆ ಕಾರಿನ ಮುಂಭಾಗದಲ್ಲಿ ನೇರ ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಸುಲಭವಾಗಿ ಹೊಂದುತ್ತದೆ. ಎಂಜಿನ್ನಿನ ಕಣಿವೆಯಲ್ಲಿ ಕೂರುವ ರೂಟ್ಸ್ ಮತ್ತು ಟ್ವಿನ್ ಸ್ಕ್ರೂಗಳಿಗೆ ನೀರಿನಿಂದ ತಣಿಸುವ ವ್ಯವಸ್ಥೆ, ಅದಕ್ಕೆ ಬೇರೆಯೇ ಪಂಪು, ಬೇರೆಯೇ ರೇಡಿಯೇಟರ್ ಬೇಕು. ಎಚ್ಚರಿಕೆ: ನೀರು ಒಮ್ಮೆ ಬಿಸಿಯಾದರೆ ತಣಿಯಲು ಹೊತ್ತು ಹಿಡಿಯುತ್ತದೆ. ಸತತವಾಗಿ ನಾಲ್ಕೈದು ಸಲ ಪೂರ್ಣ ಬಲದಲ್ಲಿ ಓಡಿಸಿದ ಮೇಲೆ ಕಾರು ಮಂಕಾಯಿತು ಎನಿಸಿದರೆ ಕಾರಣ ಬಹುಶಃ ಇದೇ. ಮೊದಲು ಪಂಪು ಓಡುತ್ತಿದೆಯೇ, ಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿದೆಯೇ ಎಂದು ನೋಡಿ.

ಟರ್ಬೊದಲ್ಲಿ ಬಿಸಿಯ ಇನ್ನೊಂದು ಮುಖವಿದೆ. ಹೊಗೆಯ ಉಷ್ಣತೆ 900 ಡಿಗ್ರಿಯ ಆಸುಪಾಸಿಗೆ ಹೋಗುವುದರಿಂದ ಪಕ್ಕದ ವೈರು, ಬ್ರೇಕ್ ಕೊಳವೆ, ರಬ್ಬರ್ ಬೂಟುಗಳಿಗೆಲ್ಲ ತಡೆತಗಡು ಬೇಕು.

ಹಂತ 5: ಪೆಟ್ರೋಲ್ ಸಾಲುತ್ತದೆಯೇ ನೋಡಿ

ಬೂಸ್ಟ್ ಇರುವ ಎಂಜಿನ್ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 280 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 500 ಅಶ್ವಶಕ್ತಿಗೆ ಗಂಟೆಗೆ 140 ಕಿಲೋ. ಪೆಟ್ರೋಲ್ ಚಿಮ್ಮಿಸುವ ಆರು ಇಂಜೆಕ್ಟರುಗಳಿದ್ದು, ಪ್ರತಿಯೊಂದೂ ಲಭ್ಯ ಸಮಯದ ಶೇ. 85ಕ್ಕಿಂತ ಹೆಚ್ಚು ತೆರೆದಿರಬಾರದು ಎಂಬ ನಿಯಮ ಪಾಲಿಸಿದರೆ, ಪ್ರತಿಯೊಂದಕ್ಕೂ ನಿಮಿಷಕ್ಕೆ ಸುಮಾರು 620 ಸಿಸಿ ಸಾಮರ್ಥ್ಯ ಬೇಕು. ಸೂಪರ್‌ಚಾರ್ಜರ್ ಹಾಕುವವರು ಬೆಲ್ಟು ನುಂಗುವ ಶಕ್ತಿಗೂ ಪೆಟ್ರೋಲ್ ಬೇಕೆಂಬುದನ್ನು ನೆನಪಿಟ್ಟು ಇದಕ್ಕಿಂತ ಸ್ವಲ್ಪ ದೊಡ್ಡದನ್ನೇ ಆರಿಸಬೇಕು. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪಿನ ಮೇಲೆ ಬರೆದಿರುವ ಲೀಟರ್ ಲೆಕ್ಕ ಒಂದು ನಿರ್ದಿಷ್ಟ ಒತ್ತಡದಲ್ಲಿ ಅಳೆದದ್ದು. ಬೂಸ್ಟ್ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಅಷ್ಟೇ ಏರಿಸಬೇಕಾಗುವುದರಿಂದ ಪಂಪು ಕೊಡುವ ಪ್ರಮಾಣ ಇಳಿಯುತ್ತದೆ.

ಸದ್ದಿಲ್ಲದೆ ಎಂಜಿನ್ ಹಾಳುಮಾಡುವ ಇನ್ನೊಂದು ಚಿಕ್ಕ ಭಾಗ ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸಾಧನ. ಬೂಸ್ಟ್ ಇಲ್ಲದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 1 ಬಾರ್ ಸೆನ್ಸರ್. ವಾತಾವರಣದ ಒತ್ತಡದ ಮೇಲೆ ಏನಾದರೂ ಅದಕ್ಕೆ ಕಾಣುವುದೇ ಇಲ್ಲ. 2 ಬಾರ್ ಸೆನ್ಸರ್ ಎಂದರೆ 2 ಬಾರ್ ಬೂಸ್ಟ್ ಅಳೆಯುತ್ತದೆ ಎಂದಲ್ಲ: ಅದರಲ್ಲಿ ಒಂದು ಬಾರ್ ವಾತಾವರಣದ್ದೇ, ಉಳಿಯುವುದು 1 ಬಾರ್ ಬೂಸ್ಟ್. ಸ್ಪಾರ್ಕ್ ಪ್ಲಗ್ಗುಗಳನ್ನು ಒಂದು ಹಂತ ತಣ್ಣನೆಯ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ, ಶ್ರೇಣಿಗೆ ಬದಲಿಸಿ, ಕಿಡಿಯ ಅಂತರವನ್ನು ಸುಮಾರು 0.7 ಮಿಲಿಮೀಟರಿಗೆ ಇಳಿಸಿ. ಒತ್ತಿದ ಗಾಳಿಯಲ್ಲಿ ಅಗಲವಾದ ಅಂತರವನ್ನು ಕಿಡಿ ದಾಟಲಾರದು.

ಹಂತ 6: ಜೋಡಣೆಯಲ್ಲಿ ಕಣ್ಣಿಡಬೇಕಾದ ಜಾಗಗಳು

ಸೂಪರ್‌ಚಾರ್ಜರಿಗೆ ಪುಲ್ಲಿಯ ಲೆಕ್ಕವೇ ಜೀವಾಳ. ಕ್ರ್ಯಾಂಕ್ ಪುಲ್ಲಿ 180 ಮಿಲಿಮೀಟರ್, ಯಂತ್ರದ ಪುಲ್ಲಿ 75 ಮಿಲಿಮೀಟರ್ ಇದ್ದರೆ ಅನುಪಾತ 2.4, ಎಂಜಿನ್ 6,500ರಲ್ಲಿದ್ದಾಗ ರೋಟರು 15,600ರಲ್ಲಿ ತಿರುಗುತ್ತದೆ. ಹೆಚ್ಚು ಬೂಸ್ಟ್ ಬೇಕೆಂದು 65 ಮಿಲಿಮೀಟರ್ ಪುಲ್ಲಿ ಹಾಕಿದರೆ ಅದು 18,000. ತಯಾರಕರು ಹೇಳಿದ ಗರಿಷ್ಠ ವೇಗವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡದೆ ಪುಲ್ಲಿ ಬದಲಿಸಬೇಡಿ. ಪುಲ್ಲಿ ಚಿಕ್ಕದಾದಷ್ಟೂ ಬೆಲ್ಟಿಗೆ ಹಿಡಿತ ಕಡಿಮೆ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಏರುವ ಬದಲು ಇಳಿಯುತ್ತಿದ್ದು ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಕಂಡರೆ ಬೆಲ್ಟು ಜಾರುತ್ತಿದೆ ಎಂದೇ ಅರ್ಥ.

ಟರ್ಬೊದಲ್ಲಿ ಜನ ಅಲಕ್ಷಿಸುವುದು ಆಯಿಲ್ ಹಿಂದಿರುಗುವ ಕೊಳವೆಯನ್ನು. ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ದಂಡವನ್ನು ತೇಲಿಸಿ ಹಿಡಿಯುವುದು ಆಯಿಲ್. ಅದು ಒತ್ತಡದಿಂದ ಒಳಗೆ ಬರುತ್ತದೆ, ಹೊರಹೋಗುವುದು ಮಾತ್ರ ತನ್ನ ಭಾರದಿಂದಲೇ. ನೀಲಿ ಹೊಗೆ ಉಗುಳುತ್ತಿದ್ದ ಒಂದು ಕಾರನ್ನು ನಾನು ನೋಡಿದಾಗ ಅದಕ್ಕೆ ಅಷ್ಟರಲ್ಲೇ ಎರಡನೆಯ ಟರ್ಬೊ ಬಿದ್ದಾಗಿತ್ತು. ಕೆಳಗಿನಿಂದ ಟಾರ್ಚ್ ಹಿಡಿದು ನೋಡಿದರೆ, ಹಿಂದಿರುಗುವ ಕೊಳವೆ ಎಂಜಿನ್ ಮೌಂಟನ್ನು ಬಳಸಿಕೊಂಡು ಹೋಗಲು ಎರಡು ಬೆರಳಿನಷ್ಟು ಮೇಲೆದ್ದು ಮತ್ತೆ ಇಳಿದಿತ್ತು. ಆಯಿಲ್ ಆ ಗೂನಿನ ಹಿಂದೆ ನಿಂತು, ಬೇರೆ ದಾರಿಯಿಲ್ಲದೆ ಸೀಲನ್ನು ದಾಟಿ ಹೊಗೆಗೆ ಸೇರುತ್ತಿತ್ತು. ಕೊಳವೆಯನ್ನು ನೇರ ಇಳಿಜಾರಿಗೆ ತಂದ ಮೇಲೆ ಹೊಗೆ ನಿಂತಿತು. ಮೊದಲ ಟರ್ಬೊ ಕೆಟ್ಟೇ ಇರಲಿಲ್ಲ. ಈ ಕೊಳವೆ ಅಗಲವಾಗಿರಲಿ, ಎಲ್ಲಿಯೂ ಏರಿಳಿತವಿಲ್ಲದಿರಲಿ, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ.

ವೇಸ್ಟ್‌ಗೇಟ್, ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೈನಿನಿಂದ ತಪ್ಪಿಸಿ ಬಿಡುವ ಬಾಗಿಲು, ಚಿಕ್ಕದಾದರೆ ಬೂಸ್ಟ್ ನಿಮ್ಮ ಮಾತು ಕೇಳದೆ ಮೇಲೇರುತ್ತದೆ. ಎರಡೂ ಬಗೆಯ ಯಂತ್ರಗಳಲ್ಲಿ ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಪಿಸಿವಿ ದಾರಿಗೆ ಬೂಸ್ಟ್ ಹಿಮ್ಮುಖವಾಗಿ ನುಗ್ಗದಂತೆ ಏಕಮುಖ ವಾಲ್ವ್ ಇರಬೇಕು.

ಹಂತ 7: ಎಂಜಿನ್ನಿನ ಆಚೆಯ ಭಾಗಗಳು

ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರು, ಬ್ರೇಕು ಇವೆಲ್ಲವೂ ಹೊಸ ಟಾರ್ಕಿಗೆ ತಕ್ಕಂತಿರಬೇಕು. ಖರ್ಚಿನ ಪಟ್ಟಿಯಲ್ಲಿ ಬ್ರೇಕನ್ನು ಕೊನೆಗೆ ತಳ್ಳಬೇಡಿ. ನಿಮ್ಮಲ್ಲಿನ ಹೊಗೆ ನಿಯಮ, ನೋಂದಣಿ ಮತ್ತು ವಿಮೆಯ ಷರತ್ತುಗಳನ್ನು ಯಂತ್ರ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ಹಂತ 8: ಟ್ಯೂನಿಂಗ್ ಮತ್ತು ಮೊದಲ ದಿನಗಳು

ಎಂಜಿನ್ನಿನ ಪೆಟ್ರೋಲ್ ಮತ್ತು ಕಿಡಿಯನ್ನು ನಿಯಂತ್ರಿಸುವ ಕಂಪ್ಯೂಟರಿನ ಹಳೆಯ ಪ್ರೋಗ್ರಾಮಿನಲ್ಲೇ ‘ಸ್ವಲ್ಪ ನಿಧಾನವಾಗಿ’ ಓಡಿಸಿಕೊಂಡು, ಅದನ್ನು ಹೊಸದಾಗಿ ಹೊಂದಿಸುವ ಟ್ಯೂನರ್ ಬಳಿ ಹೋಗುತ್ತೇನೆ ಎನ್ನುವುದು ಎಂಜಿನ್ ಕಳೆದುಕೊಳ್ಳುವ ದಾರಿ; ಕಾರನ್ನು ಸಾಗಿಸಿಕೊಂಡು ಹೋಗಿ. ಮಾಮೂಲು ಓಟದಲ್ಲಿ ಪೆಟ್ರೋಲಿನ ಒಂದು ಪಾಲಿಗೆ ಗಾಳಿ 14.7 ಪಾಲು ಇದ್ದರೆ, ಪೂರ್ಣ ಬೂಸ್ಟಿನಲ್ಲಿ ಅದು 11.5ರಿಂದ 12ರ ನಡುವೆ ಇರಬೇಕು. ಇದನ್ನು ತೋರಿಸುವ ವೈಡ್‌ಬ್ಯಾಂಡ್ ಮಾಪಕವೂ ಬೂಸ್ಟ್ ಮಾಪಕವೂ ಕಾರಿನಲ್ಲಿ ಶಾಶ್ವತವಾಗಿರಲಿ. ನೀವು ದಿನವೂ ತುಂಬಿಸುವ ಪೆಟ್ರೋಲಿನಲ್ಲೇ ಟ್ಯೂನ್ ಮಾಡಿಸಿ. ಹೆಚ್ಚು ಆಕ್ಟೇನಿನ ಪೆಟ್ರೋಲಿನಲ್ಲಿ ಮಾಡಿಸಿ ಕಡಿಮೆಯದನ್ನು ತುಂಬಿಸಿದರೆ ನಾಕ್ ಬಂದೇ ಬರುತ್ತದೆ.

ಟರ್ಬೊ ಕಾರನ್ನು ಬಿರುಸಾಗಿ ಓಡಿಸಿದ ಮೇಲೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬನ್ನಿ, ಇಲ್ಲವೇ ನಿಂತ ಮೇಲೆ ಒಂದು ನಿಮಿಷ ಎಂಜಿನ್ ಓಡಲಿ. ಕೂಡಲೇ ಆರಿಸಿದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ತನ್ನದೇ ಆಯಿಲ್ ಇರುವ ಸೂಪರ್‌ಚಾರ್ಜರ್ ಆದರೆ ಆ ಆಯಿಲ್ ಬದಲಿಸುವ ಅವಧಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ, ಎಂಜಿನ್ ಆಯಿಲ್ ಬದಲಿಸಿದಾಗ ಅದೂ ಬದಲಾಗುವುದಿಲ್ಲ.

ಮೊದಲ 500 ಕಿಲೋಮೀಟರಿನ ನಂತರ ಎಲ್ಲ ಕ್ಲಾಂಪುಗಳನ್ನೂ ಮ್ಯಾನಿಫೋಲ್ಡಿನ ಬೋಲ್ಟುಗಳನ್ನೂ ಬಿಗಿಮಾಡಿ, ಪ್ಲಗ್ಗುಗಳನ್ನು ಬಿಚ್ಚಿ ಭೂತಕನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕೆಗಳೋ ಹೊಳೆಯುವ ಅಲ್ಯೂಮಿನಿಯಂ ಕಣಗಳೋ ಕಂಡರೆ ನಾಕ್ ಆಗುತ್ತಿದೆ. ಬೂಸ್ಟ್ ಇಳಿಸಿ ಟ್ಯೂನರ್ ಬಳಿಗೆ ಹಿಂದಿರುಗಿ. ಅಂಥದ್ದೇನೂ ಇಲ್ಲದಿದ್ದರೆ ಮಾತ್ರ ಬೂಸ್ಟ್ ಹೆಚ್ಚಿಸುವ ಯೋಚನೆ ಮಾಡಿ. ಆಗಲೂ ಒಂದು ಸಲಕ್ಕೆ ಒಂದು ಪಿಎಸ್‌ಐ ಸಾಕು, ಪ್ರತಿ ಸಲವೂ ಪ್ಲಗ್ಗುಗಳನ್ನು ಮತ್ತೆ ನೋಡಿ.